ಜರೀಗಿಡದ ಬುಡಕ್ಕೆ ಹಾಕಿದ ಬೂದಿ

ನಾಗಮಂಗಲ, ೨೧-೫-೧೯೯೬

ಅಕ್ಕಾ,

ನೀನು ತೀರಿಕೊಂಡು ನಾಲ್ಕು ತಿಂಗಳಾಯಿತು. ಆದರೂ ಇದನ್ನು ನಿನಗೆ ಹೇಳದೆ ಇರಲಾರೆ. ನೀನು ಮೇಲುಕೋಟೆ ಬೆಟ್ಟದಿಂದ ತಂದು ಬಚ್ಚಲ ಹಿಂದಿನ ನೆರಳಲ್ಲಿ ನೆಟ್ಟಿದ್ದ ಜರೀಗಿಡವನ್ನು ನಾನು ಸುಟ್ಟುಬಿಟ್ಟೆ.

"ಬೇಸಿಗೇಲಿ ಎಲೆಯೆಲ್ಲ ಒಣಗೋಯ್ತದೆ ಕಣ್ಲಾ, ಸತ್ತೋಯ್ತು ಅಂತ ಎದರ್ಕಬೇಡ. ಬುಡಕ್ಕೆ ತರಗೆಲೆ ಮುಚ್ಚಿ ಸುಮ್ನಿರು. ಮಳೆ ಬಿದ್ರೆ ತಾನೇ ಏಳ್ತದೆ" ಅಂತ ನೀನು ಅಂದಿದ್ದೆ. ಸುಮ್ಮನಿರುವುದು ನನಗೆ ಯಾವತ್ತು ಬಂತು? ದಿನಾ ಮಣ್ಣು ಕೆದಕಿ ನೋಡಿದೆ. ಗೆಡ್ಡೆಯಲ್ಲಿ ಜೀವ ಇತ್ತು, ಆದರೆ ನಾಲ್ಕು ಗೆದ್ದಲು ಹುಳ ಕಂಡವು. ಅಷ್ಟಕ್ಕೇ ಹೆದರಿ, ಕುಲುಮೆಯಿಂದ ಬೂದಿ ಬಾಚಿ ತಂದು ಸುರಿದೆ. ಅದರೊಳಗೆ ಕೆಂಡ ಇದ್ದದ್ದು ದಿನವೂ ಕಬ್ಬಿಣ ಕಾಯಿಸುವ ನನಗೇ ಕಾಣಲಿಲ್ಲ.

ಮೊನ್ನೆ ಮಳೆ ಬಂತು. ಇವತ್ತು ಬೆಳಿಗ್ಗೆ ತೋಡಿದರೆ ಗೆಡ್ಡೆ ಇದ್ದಿಲಾಗಿದೆ. ಮೇಲೆ ಮಣ್ಣು ಎಳೆದು ಮುಚ್ಚುವಷ್ಟರಲ್ಲಿ ಅವ್ವ ಬಂದಳು.

"ಚಿಗುರ್ತೇನ್ಲಾ ಮಗಾ?"

"ಇನ್ನೂ ಮಲ್ಕಂಡದೆ ಕಣವ್ವ."

"ಮಲಗ್ಲಿ ಬುಡು, ಕೆದಕ್ಬೇಡ. ಕಾಯ್ಲೇಲಿ ನಿಮ್ಮಕ್ಕನ್ನೂ ನೀನು ಇಂಗೇ ಮಲಗಕ್ಕೆ ಬುಡದೆ, ಎಂಗಿದ್ದೀಯೆ ಎಂಗಿದ್ದೀಯೆ ಅಂತ ಏಳಿಸ್ತಿದ್ದೆ."

ಹೀಗಂದು ಅವ್ವ ಆ ಇದ್ದಿಲ ಮೇಲೆ ತರಗೆಲೆ ಎಳೆದು ಮುಚ್ಚಿ, ಒಂದು ಚೊಂಬು ನೀರು ಹಾಕಿದಳು. ನಾಳೆಯೂ ಹಾಕುತ್ತಾಳೆ. ಅವಳಿಗೆ ಗೊತ್ತಾಗುವ ಮೊದಲು ಮಧ್ಯಾಹ್ನದ ಬಸ್ಸಿಗೆ ಮೇಲುಕೋಟೆಗೆ ಹೋಗಿ ಅಂಥದ್ದೇ ಇನ್ನೊಂದು ತರಬೇಕು. ಅಷ್ಟು ದೊಡ್ಡ ಬೆಟ್ಟದಲ್ಲಿ ನೀನು ಯಾವ ಬಂಡೆಯ ನೆರಳಿನಿಂದ ಕಿತ್ತು ತಂದಿದ್ದೆ ಅಂತ ಮಾತ್ರ ನಾನು ಒಂದು ದಿನವೂ ನಿನ್ನನ್ನು ಕೇಳಲಿಲ್ಲವಲ್ಲ, ಅಕ್ಕಾ.