ಭಾನುವಾರದ ಹೆಂಟೆ

ನನ್ನ ಫಿಂಟನ್,

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಪಾಳಿಯ ಹೊತ್ತು ಅಡ್ಡರಸ್ತೆಯಲ್ಲಿ, ಕುಡಿದು ಓಡಿಸುತ್ತಿದ್ದವನ ಕಾರಿಗೆ ಎದುರು ನಿಂತು ಕೈ ತೋರಿಸಿದೆಯಲ್ಲ, ನಿನ್ನ ಕೈಯಲ್ಲಿದ್ದದ್ದು ಬರೀ ಒಂದು ಟಾರ್ಚು. ಅವನು ನಿಲ್ಲಿಸಲಿಲ್ಲ. ಇತ್ತ ಮನೆಯಲ್ಲಿ ನಾನು ನಿನಗೆಂದು ಆಲೂಗಡ್ಡೆ ಬೇಯಿಸುತ್ತಲೇ ಇದ್ದೆ.

ಪೊಲೀಸರನ್ನು ಹುಟ್ಟಿದ ಸೀಮೆಯಲ್ಲಿ ಇಡುವುದಿಲ್ಲವೆಂದು ವೆಕ್ಸ್‌ಫರ್ಡಿನ ನಾವು ದೇಶದ ಇನ್ನೊಂದು ತುದಿಗೆ, ಮೇಯೋದ ಈ ಕಡಲಂಚಿಗೆ ಬಂದು ಬಿದ್ದೆವು. ಮಗಳು ಇಲ್ಲೇ ಹುಟ್ಟಿ ಬೆಳೆದರೂ ಊರಿಗೆ ನಾವು ಎಲ್ಲಿಂದಲೋ ಬಂದವರು. ನೀನು ಪಬ್ಬಿನೊಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. "ನೋಡು ಬ್ರೀಜ್, ನನಗೆಷ್ಟು ಮರ್ಯಾದೆ ಕೊಡ್ತಾರೆ!" ಎಂದು ನಗುತ್ತಿದ್ದೆ. ಒಳಗೆ ನೋಯುತ್ತಿದ್ದದ್ದು ನನಗೆ ಗೊತ್ತಿತ್ತು.

ಶನಿವಾರ ನಿನ್ನನ್ನು ಮನೆಗೆ ತಂದರು. ಮಾರನೆಯ ದಿನ ನಿನ್ನ ಅಣ್ಣ ಡೆಕ್ಲನ್ ಬಂದ. ನಡುಮನೆಯಲ್ಲಿ ನಿನ್ನನ್ನು ಮಲಗಿಸಿದ್ದ ಪೆಟ್ಟಿಗೆ, ಸುತ್ತ ಕೈಕುಲುಕಿ, ಚಹಾ ಹಿಡಿದು ಗೋಡೆಗೊರಗಿದ ನೆರೆಯವರು. ಅವರೆದುರಿಗೇ ಅಂದ: "ಇವನನ್ನ ಊರಿಗೆ ಕರ್ಕೊಂಡು ಹೋಗ್ತೀನಿ. ಇಲ್ಲಿ ನಿಮ್ಮೋರು ಅಂತ ಯಾರಿದಾರಮ್ಮ? ಗುಂಡಿ ತೋಡೋಕಾದ್ರೂ ಒಬ್ಬ ಬೇಡ್ವಾ?"

ಇಲ್ಲಿ ಗುಂಡಿ ತೋಡುವವರು ಕೂಲಿಯವರಲ್ಲ, ನೆರೆಯವರು. ನಮಗೆ ಯಾರು ತೋಡುತ್ತಾರೆ? ಆದರೆ ನಿನ್ನನ್ನು ಅಷ್ಟು ದೂರ ಕಳಿಸಿಬಿಟ್ಟರೆ, ಮಗಳ ಶಾಲೆ, ನನ್ನ ಕೆಲಸ ಎಲ್ಲ ಇಲ್ಲಿರುವಾಗ, ನಿನ್ನ ಹತ್ತಿರ ಬರಲು ನನಗೆ ವರ್ಷಕ್ಕೊಮ್ಮೆ ಆದರೆ ಹೆಚ್ಚು.

ಅಷ್ಟರಲ್ಲಿ ಬಾಗಿಲಲ್ಲಿ ಮಲಾಕಿ. ಕುರಿ ಸಾಕುವ ಆ ಒಂಟಿ ಗಂಡಸು ನೆನಪಿದ್ದಾನಲ್ಲ? ಅದೇ ಅಡ್ಡರಸ್ತೆಯಲ್ಲಿ, ಕುಡಿದು ಕಾರು ಓಡಿಸುವಾಗ ನಿನ್ನ ಕೈಗೆ ಸಿಕ್ಕು ಲೈಸೆನ್ಸು ಕಳೆದುಕೊಂಡವನು, ಆಮೇಲೆ ನಿನ್ನನ್ನು ಕಂಡರೆ ಉಗುಳುತ್ತಿದ್ದವನು. ಗುದ್ದಲಿ ಹಿಡಿದು ನಡೆದೇ ಬಂದಿದ್ದ. ಬೂಟಿನ ತುಂಬ ಕೆಸರು.

"ತಪ್ಪು ತಿಳ್ಕೋಬೇಡಿ ತಾಯಿ. ಮಣ್ಣು ಮಾಡೋದು ನಾಳೆ ಅಂದ್ರು. ನಮ್ಮ ಕಡೆ ಸೋಮವಾರ ಹೊಸದಾಗಿ ಗುಂಡಿಗೆ ಕೈ ಹಚ್ಚಬಾರದಲ್ವಾ? ಅದಕ್ಕೇ ಭಾನುವಾರವೇ ಶುರು ಮಾಡಿದ ಹಾಗಾಗ್ಲಿ ಅಂತ, ಇವತ್ತೇ ಹುಲ್ಲು ಸಮೇತ ಮಣ್ಣಿನ ಒಂದು ಹೆಂಟೆ ಎತ್ತಿಟ್ಟು ಬಂದೆ. ನಮ್ಮಮ್ಮನ ಪಕ್ಕ, ನನಗೆ ಅಂತ ಇಟ್ಕೊಂಡಿದ್ದ ಜಾಗ. ನೀವು ಊರಿಗೆ ಒಯ್ಯೋದಾದ್ರೆ ಹೇಳಿ, ಹೋಗಿ ಮುಚ್ಚಿಬಿಡ್ತೀನಿ."

"ಇವನು ನಿನಗೇನಾಗ್ಬೇಕು?" ಎಂದ ಡೆಕ್ಲನ್.

"ಏನೂ ಆಗ್ಬೇಕಿಲ್ಲ. ಅವತ್ತು ಈ ಸಾರ್ಜೆಂಟು ನನ್ನನ್ನ ಹಿಡೀದೆ ಬಿಟ್ಟಿದ್ರೆ, ಯಾರ ಮನೇಲಿ ಹಿಂಗೆ ಪೆಟ್ಟಿಗೆ ಇಡಿಸ್ತಿದ್ನೋ."

ಗೋಡೆಗೊರಗಿದ್ದವರು ಒಬ್ಬೊಬ್ಬರೇ ಕಪ್ಪು ಕೆಳಗಿಟ್ಟರು. "ಬೆಳಗ್ಗೆ ನಾನೂ ಬರ್ತೀನಿ ಮಲಾಕಿ." "ನನ್ನ ಗುದ್ದಲಿ ನಿಂದಕ್ಕಿಂತ ಚೂಪು." ನನಗೆ ಅಳು ಉಕ್ಕಿ ಬಂತು. "ಇಲ್ಲೇ ಇರಲಿ ಭಾವ" ಎಂದೆ. ನಿನ್ನ ಅಣ್ಣ ಹೂಂ ಎಂದು ತಲೆಯಾಡಿಸಿದ. ಮರುದಿನ ಕೋಟು ಕಳಚಿ ಅವನೂ ಗುಂಡಿಗಿಳಿದ.

ಮಲಾಕಿಗೆ ಈಗ ಲೈಸೆನ್ಸು ವಾಪಸು ಬಂದಿದೆ. ನಿನ್ನೆ ನನ್ನನ್ನು ಕೂರಿಸಿಕೊಂಡು ನಿನ್ನ ಸಮಾಧಿಗೆ ಹೊರಟ. ಅಡ್ಡರಸ್ತೆಯಲ್ಲಿ ಕಾರು ನಿಲ್ಲಿಸಿದ. ಅಲ್ಲಿ ಯಾರೂ ಇರಲಿಲ್ಲ. ಗಾಜು ಇಳಿಸಿ, ಲೈಸೆನ್ಸನ್ನು ಕಿಟಕಿಯಾಚೆ ಹಿಡಿದು ಕೂತ. ಸ್ವಲ್ಪ ಹೊತ್ತಾದ ಮೇಲೆ ಜೇಬಿಗಿಟ್ಟುಕೊಂಡು, "ಸಾರ್ಜೆಂಟು ಬಿಟ್ರು ತಾಯಿ, ಹೋಗೋಣ" ಎಂದ.

ಇನ್ನು ನಿನಗೆ ಪಾಳಿಯಿಲ್ಲ ನನ್ನ ದೊರೆ, ಬೂಟು ಬಿಚ್ಚಿ ಮಲಗು. ಈ ಊರಿನ ಮಣ್ಣು ನಿನ್ನನ್ನು ಬೆಚ್ಚಗೆ ಇಟ್ಟುಕೊಳ್ಳಲಿ.

ನಿನ್ನ
ಬ್ರೀಜ್