ನೆಲದಡಿಯ ಹುತ್ತ

ಸಹಮ್, ಒಮಾನ್
ಆಗಸ್ಟ್ ೨೦೦೫

ಪೂಜ್ಯ ಅತ್ತೆಯವರಿಗೆ ವೇದಾವತಿಯ ನಮಸ್ಕಾರಗಳು.

ನೀವು ಬಂದಿದ್ದಾಗ ನಮ್ಮ ಕ್ಯಾಬಿನ್ ಮನೆಯ ಹಲಗೆ ನೆಲದಡಿ ಇಣುಕಿ, ಗೆದ್ದಲು ಕಟ್ಟಿದ ಮಣ್ಣು ಕಂಡು, "ನಾಗಪ್ಪನ ಹುತ್ತ ಕಣೋ, ಕೆಡವಬೇಡ" ಅಂದಿರಿ. ಅಂದಿನಿಂದ ನಿಮ್ಮ ಮಗ ಹಲಗೆಯ ಸಂದಿಯಿಂದ ವಾರವಾರ ಹಾಲೆರೆಯುತ್ತಿದ್ದಾರೆ. ನಾಗಪ್ಪ ಬರಲಿಲ್ಲ. ಈ ಸೆಖೆಗೆ ಹಾಲು ಕೊಳೆತು ಹುಳ ಬಿದ್ದಿದೆ. ಆ ನಾತಕ್ಕೆ ಅನ್ನ ಗಂಟಲಿಗಿಳಿಯುವುದಿಲ್ಲ. ಹಲಗೆ ಒತ್ತಿದರೆ ನೆನೆದ ರಸ್ಕಿನಂತೆ ಕುಸಿಯುತ್ತದೆ. ಔಷಧಿ ಹೊಡೆಯುವವನನ್ನು ಕರೆಸಿದರೆ ಇವರು, "ಅಮ್ಮ ಬೇಡ ಅಂದಿದ್ದಾಳೆ" ಎಂದು ಬಾಗಿಲಿಂದಲೇ ಸಾಗಹಾಕಿದರು.

ದಯವಿಟ್ಟು ಫೋನಿನಲ್ಲಿ ಇವರಿಗೆ "ಹೊಡೆಸು" ಎಂದು ಒಂದು ಮಾತು ಹೇಳಿ.

ನಿನ್ನೆ ಹಲಗೆ ಮುರಿದು ನಿಮ್ಮ ಮೊಮ್ಮಗಳ ಕಾಲು ಮಂಡಿಯವರೆಗೂ ಆ ಕೊಳೆಯೊಳಗೆ ಇಳಿಯಿತು. ನಿಮ್ಮ ಮಗ ಮೊದಲು ಹುತ್ತಕ್ಕೆ ಕೈಮುಗಿದು "ತಪ್ಪಾಯ್ತು" ಅಂದರು. ಮಗುವನ್ನು ಎತ್ತಿಕೊಂಡದ್ದು ಆಮೇಲೆ.

ನಿಮ್ಮ ಸೊಸೆ,
ವೇದಾವತಿ