ಬಲೆ ಕೊಯ್ದವಳ ಕಾಗದ

ಹೆರ್ಮಿನಿಯೊ ಅಣ್ಣ,

ಕ್ಷಮೆ ಕೇಳಿ ಬರೆದಿದ್ದಾಳೆ ಅಂದುಕೊಂಡಿದ್ದರೆ ಈ ಕಾಗದವನ್ನು ಇಲ್ಲೇ ಹರಿದು ಬಿಸಾಡು. ನಿನ್ನ ಬಲೆ ಕೊಯ್ದದ್ದು ನಾನೇ. ನಾಳೆ ದ್ವೀಪದ ಮುಂದೆ ಮತ್ತೆ ಅದೇ ದೊಡ್ಡ ಕಣ್ಣಿನ ಬಲೆ ಬಿಟ್ಟರೆ ಮತ್ತೆ ಕೊಯ್ಯುತ್ತೇನೆ.

ತಂಗಿಗೆ ಹುಚ್ಚು ಹಿಡಿದಿದೆ ಅಂತ ನಮ್ಮೂರು ಪುಂಟಾ ಚುಯೆಕಾದ ತುಂಬ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಹೇಳು, ಆದರೆ ಪೂರ್ತಿ ಹೇಳು. ನಾವಿಬ್ಬರೂ ದೋಣಿಯಲ್ಲಿ ಹೋಗಿ ಬಲೆ ಎಳೆದಾಗ ಸಿಕ್ಕಿದ್ದು ಮೀನಲ್ಲ, ಚರ್ಮದ ಬೆನ್ನಿನ ದೊಡ್ಡ ಕಡಲಾಮೆ. ಎಷ್ಟು ವರ್ಷವಾಗಿತ್ತು ಅದು ನಮ್ಮ ಕಡೆ ತಲೆ ಹಾಕಿ! ಹಿಂದೆಲ್ಲ ಅಂಥದ್ದು ಬಂದರೆ ಎಲ್ವಿರಾ ಅತ್ತೆ ಅದಕ್ಕೆ ಬಣ್ಣ ಬಳಿದು ಹಾಡುತ್ತಿದ್ದಳು, ಊರೆಲ್ಲ ಕುಣಿದು ವಾಪಸ್ ಕಡಲಿಗೆ ಕಳಿಸುತ್ತಿತ್ತು. ಎಲ್ಲರಿಗಿಂತ ಮುಂದೆ ನಿಂತು ಕುಣಿಯುತ್ತಿದ್ದವನು ನೀನು. ಅದು ಒಂದು ಕಾಲಕ್ಕೆ ನಮ್ಮ ಕುಲದ ಮನುಷ್ಯನೇ ಆಗಿತ್ತು, ನಮ್ಮ ಕೊಂಕಾಕ್ ಜನರ ಮಾತು ಅದಕ್ಕೆ ತಿಳಿಯುತ್ತದೆ ಅಂತ ನನಗೆ ಹೇಳಿಕೊಟ್ಟವನೂ ನೀನೇ. ಅಂಥವನು ನನ್ನ ಕೈಗೆ ಚಾಕು ಕೊಟ್ಟು, "ಅದರ ಮುಂಗಾಲು ಕೊಯ್ದುಬಿಡೇ, ಬಲೆಯಾದರೂ ಉಳೀಲಿ" ಅಂದೆ. ಅದೇ ಚಾಕುವಿನಿಂದ ನಾನು ಬಲೆಯನ್ನೇ ಕೊಯ್ದು ಅದನ್ನು ಕಡಲಿಗೆ ಬಿಟ್ಟೆ.

ಒಂದು ಆಮೆ ಹೋದರೆ ಏನಾಗುತ್ತೆ ಅಂತ ನೀನು ಕೇಳಿದೆ. ಒಂದು, ಇನ್ನೊಂದು ಅಂತಲೇ ಅಲ್ಲವಾ ಇಷ್ಟು ಕಮ್ಮಿಯಾಗಿದ್ದು? ಬಲೆ ಇನ್ನೊಂದು ತರುತ್ತೀಯ, ಆಮೆಯನ್ನು ಯಾವ ಅಂಗಡಿಯಿಂದ ತರುತ್ತೀಯ? ಕಡಲಲ್ಲಿ ಲೋಳೆಮೀನು ತಿಂದು ತೀರಿಸುವುದು ಅದು. ಅದೂ ಇಲ್ಲವಾದ ಮೇಲೆ ನಿನ್ನ ಮಕ್ಕಳು ಬಲೆ ತುಂಬ ಲೋಳೆಮೀನು ಎಳೆದು ತಂದು ಹುರಿದುಕೊಂಡು ತಿನ್ನಲಿ.

ಇನ್ನೊಂದು ಮಾತು. ಅವತ್ತು ನೀನು ಬಾಯಿಗೆ ಬಂದಂತೆ ಬೈದೆ. ನನಗೆ ಬೈದದ್ದು ನಮ್ಮ ಮಾತಲ್ಲಿ. ಆಮೆಯ ಕಡೆ ತಿರುಗಿದ್ದೇ ತಡ, ಸ್ಪ್ಯಾನಿಷ್ ಶುರು ಮಾಡಿದೆ. ಯಾಕಣ್ಣ? ಅದಕ್ಕೆ ತಿಳಿದರೆ ನೊಂದುಕೊಂಡೀತು ಅಂತ ತಾನೆ? ನನಗೆ ನಗುವೂ ಬಂತು, ಅಳುವೂ ಬಂತು. ಬಲೆ ಕೊಟ್ಟ ಹೊಸ ದೋಸ್ತರ ಮುಂದೆ ಎಷ್ಟೇ ಜಂಬ ಕೊಚ್ಚಿಕೋ, ನೀನಿನ್ನೂ ನಂಬುತ್ತೀಯ.

ನಾಳೆ ಬೆಳಿಗ್ಗೆ ನಿನ್ನ ದೋಣಿ ಹತ್ತಿರ ನಿಂತಿರುತ್ತೇನೆ. ಬಲೆ ಬಿಡಲೇಬೇಕು ಅಂತಿದ್ದರೆ, ಮೊದಲು ಮೊಣಕಾಲುದ್ದ ನೀರಿಗಿಳಿದು ಆ ಆಮೆಗೆ ನಮ್ಮ ಮಾತಿನಲ್ಲೇ ಕೂಗಿ ಹೇಳು: "ನಿನ್ನ ಕೊಲ್ಲೋಕೆ ಬರ್ತಿದ್ದೀನಿ." ಅಷ್ಟು ಹೇಳು, ನಾನು ದಾರಿ ಬಿಡುತ್ತೇನೆ.

ಕಡಲು ನಿನ್ನನ್ನು ಚೆನ್ನಾಗಿಟ್ಟಿರಲಿ. ಬಲೆಯ ವಿಚಾರ ನನಗೆ ಬಿಡು.

ನಿನ್ನ ತಂಗಿ,
ಒತಿಲಿಯಾ